ತೆರದ ಹಸು

ಕೆಂದ ಹಸು ಇವತ್ತೂ ಬಂದು ದನಗಳು ನೀರು ಕುಡಿಯುವ ಮರದ ದೋಣಿಯ ಪಕ್ಕ ನಿಂತಿತ್ತು.

ಒಣಗಿದ ಮಿಲ್ಗಿಸ್ ನದಿಯ ಮರಳಲ್ಲಿ ಆಳಕ್ಕೆ ತೋಡಿದ ಬಾವಿಯೊಳಗಿಂದ ಮೈದುನರು ಹಾಡುತ್ತ ನೀರು ಮೊಗೆದು ಕೊಡುತ್ತಿದ್ದರು. ಮೇಲೆ ನೈಸುಲ ಅದನ್ನು ದೋಣಿಗೆ ಸುರಿಯುತ್ತಿದ್ದಳು. ಒಂದೊಂದು ಮನೆಗೆ ಒಂದೊಂದು ಹಾಡು. ದನಗಳು ತಮ್ಮ ಮನೆಯ ಹಾಡಿಗಷ್ಟೇ ನೀರಿಗೆ ಬರುತ್ತವೆ, ಬೇರೆ ಹಾಡಿಗೆ ಸರಿದು ನಿಲ್ಲುತ್ತವೆ. ಕೆಂದ ಹಸುವನ್ನು ಹೋದ ವರ್ಷವೇ ನೈಸುಲಳ ಮದುವೆಯಲ್ಲಿ, ಹೆಣ್ಣಿಗೆ ಬದಲು ಕೊಡುವ ತೆರವೆಂದು ಅವಳ ಅಪ್ಪನಿಗೆ ಕೊಟ್ಟಾಗಿತ್ತು.

ಈ ಬೇಸಿಗೆ ಅಪ್ಪನ ಬಾವಿಯೂ ಇದೇ ನದಿಯಲ್ಲಿ, ತಿರುವಿನಾಚೆ. ಗಾಳಿ ಇತ್ತ ಬೀಸಿದರೆ ತವರಿನ ಹಾಡು ತುಂಡು ತುಂಡಾಗಿ ಕೇಳುತ್ತಿತ್ತು. ಆಗೆಲ್ಲ ಅವಳ ಕೈಯ ನೀರು ದೋಣಿಯ ಹೊರಗೆ ಬೀಳುತ್ತಿತ್ತು. ಅತ್ತೆ ಕಳಿಸದೆ ಸೊಸೆ ಹೋಗುವಂತಿಲ್ಲ.

ಹಸುವನ್ನು ಅಟ್ಟಿಕೊಂಡು ಹೋಗಲು ಅಣ್ಣ ಸೈದಿಮು ಕೋಲು ಬೀಸುತ್ತ ಬಂದ. "ಇದರ ಸೊಕ್ಕು ನೋಡು. ಗಂಟಲು ಹರ್ಕೊಂಡ್ರೂ ತಿರುಗಿ ನೋಡಕ್ಕಿಲ್ಲ."

"ನಿನ್ನ ಗಂಟಲಿಗೆ ಕತ್ತೆನೂ ಬರಕ್ಕಿಲ್ಲ ಬಿಡಣ್ಣ." ಆಮೇಲೆ ಮೆಲ್ಲಗೆ, "ಅವ್ವ ಹೆಂಗವ್ಳೆ?"

"ಮಂಡಿ ನೋವು. ಬಾವಿ ತಾವೇ ಕುಂತಿರ್ತಾಳೆ. ನಿನ್ನೇ ಕೇಳ್ತಿರ್ತಾಳೆ."

ಅವನು ಹೊಡೆದ, ಬಾಲ ತಿರುಚಿದ. ಹಸು ಕದಲಲಿಲ್ಲ. ಅತ್ತೆ ನಕ್ಕಳು. "ಬಡೀಬ್ಯಾಡಪ್ಪಾ. ನಮ್ಮ ಹಾಡು ಬಲ್ಲೋರು ಮುಂದೆ ಹೋದ್ರೆ ಹಿಂದೆ ಬರ್ತದೆ." ಸೊಸೆಯ ಕಡೆ ತಿರುಗಿದಳು. "ನೀನೇ ಹೋಗವ್ವ. ನಿಮ್ಮಪ್ಪನ ದೋಣಿ ಮುಟ್ಟೋಗಂಟ ಹಾಡು ನಿಲ್ಲಿಸಬ್ಯಾಡ, ವಾಪಸ್ ಓಡಿಬತ್ತದೆ. ಹಾಲು ಕರೆಯೋ ಹೊತ್ಗೆ ಬಂದ್ಬಿಡು."

ನೈಸುಲ ಬಕೀಟನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

ಹಸುವಿನ ಮುಂದೆ ನಡೆದಳು. ಮೈದುನರಿಂದ ಕೇಳಿ ಕೇಳಿ ಕಲಿತಿದ್ದ ಹಾಡು ತಾನಾಗಿ ಬಂತು. ಹಸು ಕಿವಿ ನಿಮಿರಿಸಿ ಹಿಂಬಾಲಿಸಿತು. ಅಣ್ಣ ಎಷ್ಟೋ ಹಿಂದೆ ಉಳಿದ. ತಿರುವು ದಾಟಿದ್ದೇ ಅಪ್ಪನ ಮಂದೆ ಕಂಡಿತು. ಅವಳ ಕೈಯಲ್ಲೇ ಬೆಳೆದ ಕರುಗಳು ಈಗ ಕಡಸುಗಳಾಗಿದ್ದವು. ಒಂದೊಂದರ ಹೆಸರೂ ನಾಲಿಗೆಯ ತುದಿಗೆ ಬಂತು. ಕೂಗೋಣವೆಂದರೆ ಹಾಡು ನಿಲ್ಲಿಸುವಂತಿರಲಿಲ್ಲ.

ದನಗಳು ತಲೆ ಎತ್ತಿದವು. ಹಾಡು ಹತ್ತಿರವಾದಂತೆ ಒಂದರ ಹಿಂದೊಂದು ದೋಣಿ ಬಿಟ್ಟು ಹಿಂದಕ್ಕೆ ಸರಿದವು.

ಬಾವಿಯ ದಡದಲ್ಲಿದ್ದ ಅವ್ವ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದಳು. "ಯಾರ ಮನೆ ಸೊಸೆನಪ್ಪಾ ಅದು?"

ನೈಸುಲ ಹಾಡುತ್ತಲೇ ಬಂದಳು. ಕೆಂದ ಹಸು ಅವಳನ್ನು ದಾಟಿ ಹೋಗಿ, ಯಾವ ದನವೂ ಇಲ್ಲದ ದೋಣಿಗೆ ಬಾಯಿ ಹಚ್ಚಿತು.