ಎಣ್ಣೆ ಎಂದು ಕರೆದವಳು

ನಾನೊಂದು ಟ್ಯಾಂಕರ್ ವ್ಯಾಗನ್. ಗಾಬರಿಯಾಗಬೇಡಿ, ಹಳಿಯ ಮೇಲೆ ಗುಡುಗುತ್ತ ಹೋಗುವ ಜಾತಿ ನನ್ನದಲ್ಲ. ಒಂದು ಮೊಳ ಉದ್ದದ ಮರದ ಮಾದರಿ ನಾನು. ಹುಟ್ಟಿದ್ದು ಗದಗದಲ್ಲಿ, ಮೌನೇಶಪ್ಪ ಬಡಿಗೇರರ ಮನೆಯ ಕಟ್ಟೆಯ ಮೇಲೆ. ಅವರು ತೇಗದ ತುಂಡನ್ನು ಕೀಸಿ, ಉಜ್ಜಿ, ಗುಂಡಗೆ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಆಮೇಲಿನ ಬದುಕೂ ಅದೇ ತರಹದ್ದು, ಬಿಡಿ.

ರೈಲ್ವೆ ತರಬೇತಿ ಶಾಲೆಯೊಂದಕ್ಕಾಗಿ ಮಾಡಿದ ನಾಲ್ವರಲ್ಲಿ ನಾನೊಬ್ಬ. ಬಿಳಿ ಬಣ್ಣದವನು ಹಾಲಿನವನು, ಉದ್ದನೆಯವನು ಗ್ಯಾಸಿನವನು, ಇನ್ನೊಬ್ಬ ಆಸಿಡ್‌ನವನು, ನಾನು ಪೆಟ್ರೋಲಿನವನು. ಆಸಿಡ್‌ನವನಿಗೂ ನನಗೂ ಅವಳಿ ಮಕ್ಕಳಷ್ಟು ಹೋಲಿಕೆ. ನನ್ನ ಹೊಟ್ಟೆಯ ಕೆಳಗೆ ಹಿತ್ತಾಳೆಯ ಪುಟ್ಟ ನಲ್ಲಿ ಇತ್ತು, ಅವನಿಗಿರಲಿಲ್ಲ. ಪೆಟ್ರೋಲನ್ನು ಕೆಳಗಿನಿಂದ ಇಳಿಸುತ್ತಾರೆ. ಆಸಿಡ್ ಕೆಳಗೆ ಸೋರಿದರೆ ಅನಾಹುತ, ಅದಕ್ಕೆ ಮೇಲಿನಿಂದಲೇ ತೆಗೆಯುತ್ತಾರೆ. ಶಾಲೆಗೆ ಬಂದವರು ನಮ್ಮನ್ನು ಎತ್ತಿ, ತಿರುಗಿಸಿ, ಯಾವುದರಲ್ಲಿ ಏನು ಎಂದು ಗುರುತಿಸಬೇಕು. ಅದೇ ಪಾಠ, ಅದೇ ಪರೀಕ್ಷೆ.

ಕಲಿಸುತ್ತಿದ್ದವರು ಗೋಪಿನಾಥ ಮಾಸ್ತರರು. ನನ್ನನ್ನು ಮಗುಚಿ ಹಾಕಿ ನಲ್ಲಿಯನ್ನು ಬೆರಳಿನಿಂದ ತಟ್ಟಿ, "ಇದು ಎಣ್ಣಿ ಗಾಡಿ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಹೆಮ್ಮೆ. ಎಷ್ಟು ಕೈಗಳು ಮುಟ್ಟಿದವೋ! ಬಣ್ಣ ಸವೆಯಿತು, ಒಂದು ಗಾಲಿ ಸಡಿಲಾಯಿತು. ನಿವೃತ್ತಿಯ ದಿನ ಮಾಸ್ತರರು ನೆನಪಿಗಿರಲಿ ಎಂದು ಎಲ್ಲರಿಗೂ ಹೇಳಿ ನನ್ನನ್ನು ಮನೆಗೆ ಕರೆದೊಯ್ದರು.

ಮನೆಯಲ್ಲಿ ಅವರ ಹೆಂಡತಿ ಸರೋಜಾಬಾಯಿಯವರ ರಾಜ್ಯ. ಗಾಳಿಗೆ ಬಾಗಿಲು ಬಡಿಯುತ್ತದೆಂದು ಅವರು ನನ್ನನ್ನೇ ಅಡ್ಡ ಇಟ್ಟರು.

"ಅಂತೂ ನಿಮ್ಮ ಗಾಡಿ ಒಂದು ಕೆಲಸಕ್ಕ ಬಂತು ನೋಡ್ರಿ" ಎಂದು ನಕ್ಕರು.

ಮಾಸ್ತರರೂ ನಕ್ಕರು. ನಾನು ನಗಲಿಲ್ಲ. ಒಂದು ದಿನ ಬಾಗಿಲು ಜೋರಾಗಿ ತಳ್ಳಿದಾಗ ಹೊಸ್ತಿಲಿಗೆ ಬಡಿದು ನನ್ನ ನಲ್ಲಿ ಕಿತ್ತುಹೋಯಿತು. ಅದನ್ನು ಕಸದ ಜೊತೆ ಗುಡಿಸಿ ಹಾಕಿದರು. ತೂತಿಗೆ ಮಾಸ್ತರರೇ ಮೇಣ ತುಂಬಿದರು. ಅವರು ತೀರಿಕೊಂಡ ಮೇಲೆ ಸರೋಜಾಬಾಯಿ ನನ್ನನ್ನು ಒರೆಸಿ, ಶಾಲೆಗೆ ತಂದು, "ಅವರ ಜೀವ ಇಲ್ಲೇ ಇತ್ತು, ಇದೂ ಇಲ್ಲೇ ಇರಲಿ" ಎಂದು ಕಣ್ಣೊರೆಸಿಕೊಂಡು ಹೋದರು.

ಅಷ್ಟರಲ್ಲಿ ನನ್ನ ಜೊತೆಯ ಆಸಿಡ್‌ನವನನ್ನು ಗೆದ್ದಲು ತಿಂದು ಮುಗಿಸಿತ್ತು. ಹೊಸ ಮಾಸ್ತರು ಲಿಂಗರಾಜ ಸರ್ ನನ್ನ ಹೊಟ್ಟೆ ನೋಡಿದರು. ನಲ್ಲಿ ಇಲ್ಲ. "ಹಾಂ, ಇದು ಆಸಿಡ್ ಗಾಡಿ" ಎಂದು ಅವನ ಜಾಗದಲ್ಲಿ ನಿಲ್ಲಿಸಿ, ಹೊಸ ಬಣ್ಣ ಬಳಿದರು. ಪೆಟ್ರೋಲಿಗೆ ಬೇರೆ ಮಾದರಿ ಬಂತು, ಪ್ಲಾಸ್ಟಿಕ್ಕಿನದು, ಥಳಥಳ ಹೊಳೆಯುವಂಥದ್ದು. ನನಗೆ ಅಳು ಬಂತು. ಎಷ್ಟೋ ವರ್ಷ ಯಾರಾದರೂ ಒಬ್ಬರು ನನ್ನನ್ನು ಎಣ್ಣೆ ಗಾಡಿ ಎಂದಾರು ಎಂದು ಕಾದೆ. ಕಾದು ಕಾದು ಸೋತೆ.

ಆಗ ಬಂದವಳು ಫಕೀರವ್ವ. ನವಲಗುಂದ ಕಡೆಯವಳು. ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವಳಿಗೆ ಆ ಕೆಲಸ ಸಿಕ್ಕಿತ್ತು. ಸುತ್ತಿಗೆ, ಸಬ್ಬಲು ಹೊತ್ತು ಬಿಸಿಲಲ್ಲಿ ನಡೆದೂ ನಡೆದೂ ಮೊಣಕಾಲು ಊದಿಕೊಂಡಿತ್ತು. ಈ ಪರೀಕ್ಷೆ ಪಾಸಾದರೆ ಯಾರ್ಡಿನಲ್ಲಿ ಬಾವುಟ ತೋರಿಸುವ ಕೆಲಸ, ಇಲ್ಲದಿದ್ದರೆ ಮತ್ತೆ ಹಳಿ. ಹಿಂದೊಮ್ಮೆ ಫೇಲಾಗಿದ್ದಳು, ಇನ್ನೊಂದು ಅವಕಾಶವಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೂ ಹರಟುತ್ತಿದ್ದರೆ ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಹೊಟ್ಟೆ ತಡವುತ್ತಿದ್ದಳು.

"ನಿನಗ ಕೆಳಗ ನಳ ಇಲ್ಲ. ಅಂದ್ರ ನೀ ಆಸಿಡ್. ಪರೀಕ್ಷಾದಾಗ ಕೈ ಕೊಡಬ್ಯಾಡಪಾ."

ತಪ್ಪು ಹೇಳುತ್ತಿದ್ದಾಳಲ್ಲ ಎಂದು ನನಗೆ ಸಂಕಟ. ಆದರೂ ಆ ಕೈ ಬೆಚ್ಚಗಿತ್ತು.

ಪರೀಕ್ಷೆಗೆ ತುಮಕೂರಿನ ಕಡೆಯ ಪದ್ಮರಾಜಯ್ಯನವರು ಬಂದರು. ಹಾಲು ಸರಿಯಾಯಿತು, ಗ್ಯಾಸು ಸರಿಯಾಯಿತು. ಕೊನೆಗೆ ನನ್ನನ್ನು ಎತ್ತಿದರು.

"ಇದರಲ್ಲಿ ಏನಿರುತ್ತಮ್ಮ?"

ಫಕೀರವ್ವನ ಹಣೆ ಬೆವರಿತ್ತು. ಕಲಿತಿದ್ದ ಹೆಸರು ನಾಲಿಗೆಗೆ ಸಿಗಲಿಲ್ಲವೋ ಏನೋ, "ಎಣ್ಣಿ ರೀ" ಎಂದುಬಿಟ್ಟಳು.

ಅಯ್ಯೋ, ನನ್ನ ಮೈ ಜುಮ್ಮೆಂದಿತು! ಕೊನೆಗೂ ಒಬ್ಬಳು ಗುರುತಿಸಿದಳು. ಆದರೆ ಪದ್ಮರಾಜಯ್ಯನವರ ಮುಖ ಗಂಟಾಯಿತು.

"ಎಣ್ಣೇನಾ? ಎಲ್ಲಮ್ಮ ನಲ್ಲಿ? ತೋರ್ಸಿ ನೋಡೋಣ."

ಅವಳ ಕೈ ತಾನಾಗಿ ಮೊಣಕಾಲಿಗೆ ಹೋಯಿತು. ಅದನ್ನು ಕಂಡು ನನ್ನ ಸಂತೋಷವೆಲ್ಲ ಇಳಿದುಹೋಯಿತು. ಬೇಡ ತಾಯಿ, ನಾನು ಎಣ್ಣೆಯಲ್ಲ, ಆಸಿಡ್ ಅಂತ ಹೇಳು ಎಂದು ಒಳಗೇ ಕೂಗಿದೆ. ಮರದ ಕೂಗು ಯಾರಿಗೆ ಕೇಳುತ್ತದೆ?

ಪದ್ಮರಾಜಯ್ಯನವರು ಪೆನ್ನು ಎತ್ತಿದವರು ತಡೆದು, "ಸರಿ, ಇದು ಸೋರಿದ್ರೆ ಏನ್ ಮಾಡ್ತೀರಾ?" ಎಂದರು.

"ಹತ್ರ ಹೋಗಂಗಿಲ್ರಿ. ಮಂದಿನ್ನ ದೂರ ಸರಿಸ್ತೀನಿ, ಸ್ಟೇಷನ್ನಿಗೆ ಸುದ್ದಿ ಮುಟ್ಟಸ್ತೀನಿ. ಮೈಗೆ ತಾಗಿದ್ರ ಸುಟ್ಟು ಹೋಗ್ತೈತ್ರಿ, ಉಸಿರಾಗ ಹೋದ್ರ ಎದಿ ಉರಿತೈತಿ. ನಮ್ಮ ಅಣ್ಣ ಹತ್ತಿಗೆ ಎಣ್ಣಿ ಹೊಡಿಯೋ ಮುಂದ ಹಿಂಗ ಆಗಿತ್ರಿ."

"ಹತ್ತಿ ಗಿಡಕ್ಕೆ ಎಣ್ಣೆ ಹೊಡೀತಾರಾ?"

ಮೂಲೆಯಲ್ಲಿದ್ದ ಲಿಂಗರಾಜ ಸರ್ ತಡೆಯಲಾರದೆ ಬಾಯಿ ಬಿಟ್ಟರು. "ಸರ್, ನಮ್ಮ ಕಡೆ ಬೆಳಿಗೆ ಹೊಡಿಯೋ ಔಷಧಕ್ಕ ಎಣ್ಣಿ ಅಂತಾರ್ರಿ. ಆಕಿ ವಿಷ ಅನ್ನಾಕತ್ತಾಳ."

ಪದ್ಮರಾಜಯ್ಯನವರು ಜೋರಾಗಿ ನಕ್ಕರು. "ನಮ್ಮ ಕಡೆ ಎಣ್ಣೆ ಅಂದ್ರೆ ಸಾಯಂಕಾಲ ಹೊಡೆಯೋದು! ಹೋಗ್ಲಿ, ಪೇಟೆ ಹೆಸರು ಹೇಳಮ್ಮ ಇದಕ್ಕೆ."

"ಆಸಿಡ್ ರೀ" ಎಂದಳು ಫಕೀರವ್ವ.

ಪಾಸಾದಳು. ಹೋಗುವಾಗ ನನ್ನ ಬೆನ್ನು ಸವರಿ, "ಉಳಿಸಿದಿ ನೋಡಪಾ" ಎಂದಳು. ನಾನೇನು ಮಾಡಿದ್ದೆ? ಆಸಿಡ್ ಎನ್ನಿಸಿಕೊಂಡು ಸುಮ್ಮನೆ ಕೂತಿದ್ದೆ.

ವರ್ಷಗಟ್ಟಲೆ ಕಾದ ಮಾತು ಒಮ್ಮೆ ಬಂತು, ಬಂದಾಗ ಅದರ ಅರ್ಥ ವಿಷ. ಮೊದಲು ನೋವಾಯಿತು, ಈಗ ಇಲ್ಲ. ಅವಳು ಯಾರ್ಡಿನಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುತ್ತಾಳಂತೆ, ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗೆ ಕೂರಲು ಒಂದು ಸ್ಟೂಲೂ ಇದೆಯಂತೆ. ನನಗೂ ವಯಸ್ಸಾಯಿತು. ಗಾಜಿನ ಕಪಾಟಿನಲ್ಲಿ ಕೂತಿದ್ದೇನೆ, ಹೊಸಬರು ಬಂದಾಗ ಇಳಿಸುತ್ತಾರೆ. ಅವರಲ್ಲೂ ಎಲ್ಲೋ ಒಬ್ಬರಿಗೆ ಕಾಲು ನೋಯುತ್ತಿರುತ್ತದೆ. ನೀವು ನನ್ನ ಕಥೆ ಕೇಳಿದಿರಿ, ನಾನು ಯಾರೆಂದು ನಿಮಗೆ ಗೊತ್ತಾಯಿತು. ಯಾವತ್ತಾದರೂ ಈ ಕಡೆ ಬಂದು, ಇದು ಏನು ಗಾಡಿ ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಆಸಿಡ್ ಅನ್ನಿ.