ಕುಲಗೆಟ್ಟ ಒಂಬತ್ತು ಓಟು

ನಮ್ಮೂರಿಂದ ರಾವಂದೂರಿಗೆ ಮೂರು ಮೈಲಿ. ನಡುವೆ ಒಂದು ಮೋರಿ. ಅದರ ಎರಡು ಚಪ್ಪಡಿ ಕುಸಿದು ಆಗಲೇ ಐದು ವರ್ಷವಾಗಿತ್ತು. ಆಳು ಹಾರಿ ದಾಟಬಹುದು, ಗಾಡಿ ದಾಟುವಂತಿಲ್ಲ. ಒಂದು ಭಾನುವಾರ ಮುಂಜಾನೆ ಓಡುತ್ತಾ ಹೋಗಿ ನಾನು ಆ ತೂತಿಗೇ ಕಾಲಿಟ್ಟೆ.

ನನ್ನ ಹೆಸರು ರುದ್ರಸ್ವಾಮಿ. ಬೆಳೆಯುವುದು ರಾಗಿ, ಹೊಗೆಸೊಪ್ಪು. ದಿನಾ ಬೆಳಿಗ್ಗೆ ರಾವಂದೂರಿನವರೆಗೆ ಓಡಿ ವಾಪಸು ಬರುವುದು ನನ್ನ ಚಾಳಿ. "ಯಾವ ನಾಯಿ ಅಟ್ಟಿಸ್ಕಂಡು ಬತ್ತಾ ಐತಲಾ?" ಎಂದು ಊರವರು ನಗುತ್ತಿದ್ದರು. ಹುಣಸೂರಿನ ಪಂದ್ಯದಲ್ಲಿ ಬಹುಮಾನ ಹೊಡೆಯುವ ಆಸೆ ಎಂದು ಕೆಲವರು. ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಓಡಲು ಶುರು ಮಾಡಿದ್ದು ಅದಕ್ಕಲ್ಲ.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ಮಾಯಮ್ಮನಿಗೆ ಹೆರಿಗೆ ನೋವು ಬಂದಾಗ ಗಾಡಿ ಮೋರಿ ಹತ್ತಿರ ನಿಂತುಬಿಟ್ಟಿತು. ಡಾಕ್ಟರನ್ನು ಕರೆತರಲು ನಾನು ಓಡಿದೆ. ಅರ್ಧ ದಾರಿಗೇ ಉಸಿರು ಕಟ್ಟಿ ಕುಸಿದು ಕೂತೆ. ಡಾಕ್ಟರನ್ನು ಕರೆದುಕೊಂಡು ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಅಂದಿನಿಂದ ಓಡುತ್ತಿದ್ದೆ.

ಈಗ ಮಾಯಮ್ಮನಿಗೆ ಮತ್ತೆ ಎಂಟು ತಿಂಗಳು. ನಾನೋ, ಕುಂಬಳಕಾಯಿಯಂತೆ ಊದಿದ ಕಾಲು ನೀಡಿಕೊಂಡು ಜಗುಲಿ ಮೇಲೆ.

ಸೋಮವಾರ ನಮ್ಮವ್ವ ಪುಟ್ಟಮಲ್ಲಮ್ಮ ಬೀದಿಕೊನೆಯ ಅಜ್ಜಿಯೊಬ್ಬಳನ್ನು ಕರೆತಂದಳು. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ತುಳಿದರೆ ಉಳುಕು ಬಿಡುತ್ತದಂತೆ. ಅಜ್ಜಿ ತುಳಿದಳು. ಉಳುಕು ಬಿಡಲಿಲ್ಲ, ನನ್ನ ಪ್ರಾಣ ಬಿಡುವಂತಾಯಿತು. ಆಮೇಲೆ ಹುಣಸೆಹಣ್ಣು, ಉಪ್ಪು ಕುದಿಸಿ ಪಟ್ಟು ಹಾಕಿದರು.

ಮಂಗಳವಾರ ಓಟಿನವರು ಬಂದರು. ಮುಂದಿನ ಭಾನುವಾರ ಪಂಚಾಯಿತಿ ಚುನಾವಣೆ. ಮೊದಲು ಬಂದವರು ಷಣ್ಮುಖಪ್ಪ, ಕೊಡೆ ಗುರುತು. ಹೋದ ಸಲ ಗೆದ್ದು ನಾಲ್ಕು ವರ್ಷ ಮೆಂಬರಾಗಿದ್ದವರು. ನನ್ನ ಕಾಲು ನೋಡಿ, "ಅಯ್ಯೋ, ಮೋರೀಲಿ ಬಿದ್ಯಾ? ಗೆದ್ದ ಮಾರನೇ ದಿನವೇ ಚಪ್ಪಡಿ ಆಕುಸ್ತೀನಿ ಕಣಯ್ಯಾ" ಎಂದರು. ಹೋದ ಸಲವೂ ಇದೇ ಮಾತು.

ಸಂಜೆಗೆ ಸಿದ್ದಯ್ಯ ಬಂದರು, ಏಣಿ ಗುರುತು. ಹೋದ ಸಲ ಸೋತವರು. "ಕಲ್ಲು ನನ್ ವಲದಾಗೇ ಅವೆ. ಪಂಚಾಯ್ತಿ ಒಪ್ಪಿದ್ರೆ ಆಕ್ಸದೇಯ" ಎಂದರು. ಅಷ್ಟೇ ಹೇಳಿ, ಎಲೆಅಡಿಕೆ ಹಾಕಿಕೊಂಡು ಹೋದರು.

ಗುರುವಾರ ಹುಣಸೂರಿನ ಪಂದ್ಯ. ನಾನಿಲ್ಲದೆಯೇ ನಡೆಯಿತು. ಜಗುಲಿ ಮೇಲೆ ಕೂತು ನೊಣ ಹೊಡೆದೆ. ಬೇಸತ್ತ ಮನಸ್ಸಿಗೆ ಎಲ್ಲಾ ಕೊಂಕೇ ಹೊಳೆಯುತ್ತದೆ. ಓಟದಲ್ಲಿ ಗೆದ್ದವನಿಗೆ ಏದುಸಿರು, ಓಟಿನಲ್ಲಿ ಗೆದ್ದವನಿಗೆ ಕುರ್ಚಿ. ಓಟದಲ್ಲಿ ಸೋತವನೂ ಕೊನೆಯ ಗೆರೆಯವರೆಗೆ ಬರುತ್ತಾನೆ. ಓಟಿನಲ್ಲಿ ಗೆದ್ದವನು ನಮ್ಮ ಮೋರಿಯವರೆಗೂ ಬರುವುದಿಲ್ಲ. ಭಾನುವಾರ ಹೋಗುವುದೇ ಬೇಡವೆಂದು ಗಟ್ಟಿ ಮಾಡಿಕೊಂಡೆ.

ಶುಕ್ರವಾರ ಟೀಚರಮ್ಮ ಬಂದರು. ಜಯಲಕ್ಷ್ಮಮ್ಮ ನಮ್ಮೂರ ಸ್ಕೂಲಿನವರು. ಐದು ವರ್ಷದ ಹಿಂದೆ ದೊಡ್ಡವರಿಗೆಂದು ಸಂಜೆ ಪಾಠ ಇಟ್ಟು, ಹೆಬ್ಬೆಟ್ಟು ಒತ್ತುತ್ತಿದ್ದ ನಮಗೆ ಅಕ್ಷರ ಕಲಿಸಿದವರೂ ಅವರೇ.

"ಭಾನುವಾರ ಓಟಿಗೆ ಬರ್ತೀರಿ ತಾನೇ?" ಎಂದು ಕೇಳಿದರು.

"ಯಾಕ್ ಬುಡಿ ಟೀಚರಮ್ಮಾ. ಓದ್ಸಲ ಏಣಿಗೆ ಒತ್ತಿ ಬಂದೆ. ಏನಾಯ್ತು? ಮೂರು ಓಟಲ್ಲಿ ಸೋತ್ರು. ನೀವು ಯೋಳ್ಕೊಟ್ಟಂಗೆ ಚೆಂದಾಗಿ ಸೈನೂ ಆಕಿದ್ದೆ."

"ಸಹಿನಾ? ಎಲ್ಲಿ?"

"ಚೀಟಿ ಮ್ಯಾಲೆ. ಏಣಿ ಮ್ಯಾಲೆ ಮೊಹರು ಒತ್ತಿ, ಕೆಳಗೆ ಪೆನ್ಸಿಲ್ಲಲ್ಲಿ ರುದ್ರಸ್ವಾಮಿ ಅಂತ. ಒತ್ತಕ್ಷರಾನೂ ಬುಟ್ಟಿಲ್ಲ."

ಟೀಚರಮ್ಮನ ಮುಖ ಸಪ್ಪಗಾಯಿತು. "ನಿಮ್ಮ ಜೊತೆ ಕಲಿತವರು ಮಿಕ್ಕ ಎಂಟು ಜನ?"

"ಎಲ್ರೂವೆ. ಮಾತಾಡ್ಕಂಡೇ ಓಗಿದ್ದೋ. ಎಲ್ರೂ ಏಣಿಗೇಯ, ಎಲ್ರೂ ಸೈ."

"ಅಯ್ಯೋ ದೇವರೇ! ಆ ಸಲ ಕುಲಗೆಟ್ಟ ಓಟು ಒಂಬತ್ತು ಅಂದಿದ್ದರು. ಯಾರದಿರಬಹುದು ಅಂತಿದ್ದೆ."

"ಅಂಗಂದ್ರೆ?"

"ಚೀಟಿ ಮೇಲೆ ಸಹಿ, ಹೆಬ್ಬೆಟ್ಟು ಏನೂ ಇರಬಾರದು ರುದ್ರಸ್ವಾಮಿ. ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಾಗಬಾರದು. ಗುರುತು ಬಿಟ್ಟರೆ ಅದನ್ನು ಎಣಿಸೋದಿಲ್ಲ, ಆಚೆ ಎಸೀತಾರೆ. ಅದಕ್ಕೇ ಕುಲಗೆಟ್ಟ ಓಟು ಅನ್ನೋದು."

ನಮ್ಮವ್ವ ಕಂಬಕ್ಕೆ ಒರಗಿ ಕೂತಿದ್ದಳು. "ಕುಲ ನೋಡಿ ಓಟು ಒತ್ತೋದು ಗೊತ್ತಿತ್ತು ಕಣವ್ವಾ. ಓಟಿಗೂ ಒಂದು ಕುಲ ಐತೆ ಅನ್ನೋದ ಇವತ್ತೇ ಕೇಳಿದ್ದು" ಎಂದಳು.

ನನಗೆ ನಗು ಬಂತು. ಆದರೆ ಒಳಗೆ ರಾಗಿ ಕೇರುತ್ತಿದ್ದ ಮಾಯಮ್ಮನ ಮೊರದ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ಕೇಳಿದಳು: "ಮೂರು ಓಟಲ್ಲಿ ಸೋತ್ರು ಅಂದ್ರಿ. ಒಂಬತ್ತು ಆಚೆಗೆ ಎಸುದ್ರು ಅಂದ್ರಿ. ಅಂಗಾರೆ ಸಿದ್ದಯ್ಯನೋರು ಗೆದ್ದಿರೋರಾ?"

ಟೀಚರಮ್ಮ ಹೌದೆಂದು ತಲೆಯಾಡಿಸಿದರು.

"ಮೋರಿ ಆಗಲೇ ಆಗಿರೋದಾ?"

ಅವಳು ಮಗುವಿನ ಮಾತೆತ್ತಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ದುಃಖವೂ ಉಕ್ಕಿ ಬಂತು. ಮೂರು ವರ್ಷ ಷಣ್ಮುಖಪ್ಪನವರನ್ನು ಬೈದುಕೊಂಡೇ ಓಡಿದ್ದೆ. ಅವರನ್ನು ಗೆಲ್ಲಿಸಿದವರಲ್ಲಿ ನಾನೂ ಒಬ್ಬ ಎಂದು ತಿಳಿದಿರಲಿಲ್ಲ.

"ತಪ್ಪು ನನ್ನದು. ಎಲ್ಲಿ ಕಾಗದ ಕೊಟ್ಟರೂ ಸಹಿ ಹಾಕಿ ಅಂತ ಕಲಿಸಿದೆ. ಎಲ್ಲಿ ಹಾಕಬಾರದು ಅಂತ ಕಲಿಸಲೇ ಇಲ್ಲ" ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು.

ಶನಿವಾರ ಅವರೇ ಮಿಕ್ಕ ಎಂಟು ಜನರನ್ನೂ ನಮ್ಮ ಜಗುಲಿಗೆ ಕರೆಸಿದರು. ಹಳೇ ಕ್ಯಾಲೆಂಡರಿನ ಬೆನ್ನಿಗೆ ಕೊಡೆ, ಏಣಿ ಬರೆದರು. ಬೆಂಡೆಕಾಯಿ ಕೊಯ್ದು ಮಸಿಗೆ ಅದ್ದಿ, "ಇದೇ ಮೊಹರು ಅಂತ ತಿಳ್ಕೊಳ್ಳಿ. ಒತ್ತಿ" ಎಂದರು. ಅವ್ವ ಮಸಿ ಕಂಡೊಡನೆ ಹೆಬ್ಬೆಟ್ಟು ಚಾಚಿದಳು. ಬೆಂಡೆಕಾಯಿ ಕೈಗೆ ಕೊಟ್ಟರೆ ಕೊಡೆಗೊಂದು, ಏಣಿಗೊಂದು ಒತ್ತಿದಳು.

"ಇದೇನಮ್ಮಾ ಇಬ್ಬರಿಗೂ?"

"ಷಣ್ಮುಖಪ್ಪ ನಮ್ಮಣ್ಣನ ಬೀಗ. ಸಿದ್ದಯ್ಯ ಪಕ್ಕದ್ ವಲದವ್ನು. ಇಬ್ರಿಗೂ ಒಂದೊಂದು ಒತ್ಬುಟ್ರೆ ಯಾರ್ಗೂ ಬ್ಯಾಸರ ಇಲ್ಲ."

"ಹಾಗೆ ಮಾಡಿದರೂ ಕುಲಗೆಡುತ್ತೆ ಅವ್ವಾ. ಒಬ್ಬರಿಗೇ ಒತ್ತಬೇಕು. ಯಾರಿಗೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಅದಕ್ಕೇ ಅಲ್ಲವಾ ಗುಟ್ಟಾಗಿ ಇಟ್ಟಿರೋದು?"

"ಓ, ಇಬ್ರಿಗೂ ನಿಂಗೇ ಆಕ್ದೆ ಅನ್ಬೋದು ಅನ್ನು!" ಅವ್ವನಿಗೆ ಓಟಿನ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಭಾನುವಾರ ಬೆಳಿಗ್ಗೆ ನನ್ನ ಕಾಲು ಸಿಡಿಯುತ್ತಿತ್ತು. "ನೀವು ಓಗ್ಬನ್ನಿ. ನನ್ ಕೈಲಾಗಲ್ಲ" ಎಂದೆ. ಮಾಯಮ್ಮ ಹೊಟ್ಟೆ ಹಿಡಿದುಕೊಂಡು ಎದುರಿಗೆ ಬಂದು ನಿಂತಳು.

"ಈ ಸಲ ನಂಗೆ ನೋವು ಬಂದ್ರೆ ಓಡಕ್ಕೆ ನಿಮ್ ಕಾಲೂ ಇಲ್ಲ. ಇರೋದು ಆ ಚೀಟಿ ಒಂದೇಯ. ಏಳಿ ಮ್ಯಾಕೆ."

ಎದ್ದೆ. ಒಂದು ಕಡೆ ಕೋಲು, ಇನ್ನೊಂದು ಕಡೆ ಅವಳ ಹೆಗಲು. ಮನೆಯಿಂದ ಸ್ಕೂಲಿಗೆ ಇರುವುದು ಇನ್ನೂರು ಗಜ. ಮೂರು ಮೈಲಿ ಓಡಿದಾಗಲೂ ನನಗೆ ಅಷ್ಟು ಆಯಾಸವಾಗಿರಲಿಲ್ಲ. ಮರೆಯಲ್ಲಿ ನಿಂತು ಮೊಹರು ಒತ್ತಿದೆ. ಮಸಿ ಇನ್ನೊಂದು ಗುರುತಿಗೆ ಅಂಟದಂತೆ, ಕಲಿಸಿದ ಹಾಗೆ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಚೀಟಿ ಮೇಲೆ ನನ್ನ ಹೆಸರಿರಲಿಲ್ಲ.

ಸಿದ್ದಯ್ಯ ಏಳು ಓಟಿನಲ್ಲಿ ಗೆದ್ದರು. ಕುಲಗೆಟ್ಟದ್ದು ಒಂದೇ ಒಂದು. ಅವ್ವನ ಮುಖ ನೋಡಿದೆ. "ನಂದಲ್ಲ ಕಣ್ಲಾ!" ಎಂದು ಗದರಿದಳು.

ಗೆದ್ದ ಮಾತ್ರಕ್ಕೆ ಕಲ್ಲು ತಾನಾಗಿ ನಡೆದು ಬರಲಿಲ್ಲ. ಕೋಲೂರಿಕೊಂಡು ನಾಲ್ಕು ಸಲ ಪಂಚಾಯಿತಿಗೆ ಹೋಗಿ ಕೇಳಿದೆ. ಮೂರನೇ ವಾರ ಚಪ್ಪಡಿ ಬಿತ್ತು. ಅದಾಗಿ ನಾಲ್ಕನೇ ದಿನಕ್ಕೆ ಮಾಯಮ್ಮನಿಗೆ ನೋವು ಬಂತು.

ಗಾಡಿ ಮೋರಿ ಹತ್ತಿರ ಬಂದಾಗ ಅವಳು ನನ್ನ ಕೈ ಹಿಡಿದು ಕಣ್ಣು ಮುಚ್ಚಿದಳು. ಗಾಲಿ ಚಪ್ಪಡಿ ಹತ್ತಿತು, ಇಳಿಯಿತು. "ದಾಟ್ತಾ?" ಎಂದು ಕೇಳಿದಳು. "ದಾಟ್ತು ಕಣೇ" ಎಂದೆ. ಇಬ್ಬರೂ ಅತ್ತೆವು. ಮಧ್ಯಾಹ್ನ ರಾವಂದೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸಿಕ್ಕಿಹಾಕಿಕೊಂಡಿದ್ದ ಕೂಸು, ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು.

ಅಕ್ಕಂದಿರೇ, ಅಣ್ಣಂದಿರೇ, ಓಟು ಹಾಕಿ ಎಂದು ನಿಮಗೆ ಹೇಳುವವರು ಬಹಳ ಜನ. ನಾನು ಹೇಳುವುದು ಇಷ್ಟು: ಹೋಗಿ, ಒಂದೇ ಗುರುತಿಗೆ ಒತ್ತಿ, ಸಹಿ ಬೇಡ, ಹೆಬ್ಬೆಟ್ಟು ಬೇಡ, ಒಣಗಿಸಿ ಮಡಿಸಿ. ತಿಳಿಯದಿದ್ದರೆ ನಾಚದೆ ಕೇಳಿ. ನಾವು ಒಂಬತ್ತು ಜನ ಕೇಳಲಿಲ್ಲ. ನಮ್ಮ ಮೊದಲ ಕೂಸಿಗೆ ಹೆಸರಿಡುವ ಭಾಗ್ಯವೂ ನಮಗಿರಲಿಲ್ಲ.