ಪೆನ್ಸಿಲಿಗೆ ನಿಂತ ಪ್ರೆಸ್

ಯಲಹಂಕದ ಆಚೆಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಹೊಸ ಪ್ರೆಸ್ಸಿಗೆ ಸಿಕ್ಕಿ ಗಯಾಸ್‌ನ ಬಲಗೈ ಬೆರಳುಗಳು ಹೋದವು. ಕೆಲಸಗಾರನ ಅಜಾಗರೂಕತೆ ಎಂದು ಕಾರ್ಖಾನೆಯವರು ವರದಿ ಬರೆದರು. ಅವನನ್ನು ಕೆಲಸದಿಂದ ತೆಗೆದರು.

ಆ ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಬೆಳಕಿನ ಕಾವಲಿತ್ತು. ಬೆಳಕು ಎಷ್ಟು ಮರೆಯಾಯಿತೆಂದು ಅಂಕಿಯಲ್ಲಿ ಓದಿ, ಅಂಕಿ ನೂರು ದಾಟಿದೊಡನೆ ಪ್ರೆಸ್ಸನ್ನು ನಿಲ್ಲಿಸುವ ಚಿಪ್ ಯಶವಂತಪುರದ ಸಣ್ಣ ಕಂಪನಿಯೊಂದರದು. ಅದನ್ನು ಕೂರಿಸಿ ಬಂದವನು ಆ ಕಂಪನಿಯ ಸೇತುರಾಮ. ಚಿಪ್ಪಿನೊಳಗಿನ ಪ್ರೋಗ್ರಾಮು ನಿಂತಿದ್ದದ್ದು ಅವನ ಜೊತೆಗಾರ್ತಿ ಕಾಶವ್ವ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಲೈಬ್ರರಿಯ ಮೇಲೆ.

ಅದು ಎಂಬತ್ತೇಳನೆಯ ಇಸವಿ. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ಓಡಿದರೆ ಇಂಜಿನಿಯರುಗಳು ತೆಂಗಿನಕಾಯಿ ಒಡೆಯುತ್ತಿದ್ದ ಕಾಲ. ಮನುಷ್ಯರು ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಕಂಪೈಲರುಗಳು ಒಂದೊಂದೂ ಒಂದೊಂದು ನಮೂನೆ. ಗದಗಿನ ಕಡೆಯಿಂದ ಬಂದು ಗೊರಗುಂಟೆಪಾಳ್ಯದಲ್ಲಿ ಕೋಣೆ ಹಿಡಿದಿದ್ದ ಕಾಶವ್ವ, ಯಂತ್ರದಿಂದ ಯಂತ್ರಕ್ಕೆ ಬದಲಾಗುವುದನ್ನೆಲ್ಲ ಹೆಕ್ಕಿ ಒಂದೇ ಫೈಲಿನಲ್ಲಿ ಕಟ್ಟಿಹಾಕಿದ್ದಳು. ಹೊಸ ಕಂಪೈಲರ್ ಬಂದರೆ ಆ ಫೈಲೊಂದನ್ನು ತಿದ್ದಿದರೆ ಸಾಕು, ಉಳಿದ ಲೈಬ್ರರಿಯ ಮೈ ಮುಟ್ಟಬೇಕಿಲ್ಲ. ಅದನ್ನೂ ಅವಳು ಊಹೆಯ ಮೇಲೆ ತಿದ್ದುತ್ತಿರಲಿಲ್ಲ. ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಬರೆದು ಕಂಪೈಲರನ್ನೇ ಕೇಳುತ್ತಿದ್ದಳು: ನಿನ್ನ ಅಂಕಿಯ ಅಗಲವೆಷ್ಟು, ಯಾವ ತುದಿಯಿಂದ ಬರೆದಿಡುತ್ತೀ? ಉತ್ತರ ಬಂದ ಮೇಲೇ ಫೈಲಿಗೆ ಕೈ. ಅದನ್ನು ಪಕ್ಕದಲ್ಲಿ ಕೂತು ನೋಡುವುದೆಂದರೆ ಸೇತುರಾಮನಿಗೆ ಊಟ ಬೇಡ.

"ಏನ್ ಮೇಡಂ, ಹೆಣ್ಣು ನೋಡೋಕೆ ಹೋದೋರ ಥರ ಕೇಳ್ತಾನೇ ಇದೀರಲ್ಲ," ಎಂದು ಅವನೊಮ್ಮೆ ಛೇಡಿಸಿದ್ದ.

"ಕೇಳಲಾರ್ದ ಕಟ್ಕೊಂಡ್ರ ಆಮ್ಯಾಲ ಬಾಳ್ವೆ ಮಾಡವ್ರ ಯಾರ್ರೀ?" ಎಂದಿದ್ದಳು.

ಕೈಗೆ ಬಟ್ಟೆ ಸುತ್ತಿಕೊಂಡ ಗಯಾಸ್ ಒಂದು ಬೆಳಿಗ್ಗೆ ಕಂಪನಿಯ ಗೇಟಿಗೆ ಬಂದ. ಒಳಗೆ ಬಿಡಬೇಡಿ ಎಂದ ಮಾಲೀಕ ತ್ರಿವಿಕ್ರಮ. ಕಾಶವ್ವ ತಾನೇ ಹೊರಗೆ ಹೋದಳು. ಸೇತುರಾಮ ಹಿಂದೆಯೇ ಹೋದ.

"ಫೋರ್‌ಮನ್ ರಾಮಕೃಷ್ಣಪ್ಪೋರು ಪೆನ್ಸಿಲ್ ಹಿಡಿದು ತೋರಿಸಿದ್ರು ಮೇಡಂ, ಪ್ರೆಸ್ ನಿಂತೋಯ್ತು. ಮಷೀನ್ ಸರಿಯಾಗೈತೆ, ನೀನೇ ಸರಿ ಇಲ್ಲ ಅಂದ್ರು. ಖುದಾ ಕಸಂ, ನನ್ ಕೈಗೆ ಅದು ನಿಲ್ಲಲಿಲ್ಲ."

"ಕೈ ಎಷ್ಟು ಒಳಗ ಹಾಕಿದ್ದಿ ತಮ್ಮಾ?"

"ಪೂರಾ. ತಗಡು ಸಿಕ್ಕಾಕೊಂಡಿತ್ತು."

ಕಾಶವ್ವ ಅವನ ಕಟ್ಟಿದ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ, "ಪೆನ್ಸಿಲ್ ಸಣ್ಣದು, ಕೈ ದೊಡ್ಡದು. ನಡೀರಿ ಸೇತುರಾಮ್ ಅವ್ರ, ಹಾದ್ಯಾಗ ಒಂದು ಸೋರೀಕಾಯಿ ತಗೊಳ್ಳೂಣು," ಎಂದಳು.

ಕಾರ್ಖಾನೆಯಲ್ಲಿ ಅಪಘಾತವಾದಂದಿನಿಂದ ಆ ಪ್ರೆಸ್ಸಿಗೆ ಟಾರ್ಪಾಲು ಹೊದಿಸಿದ್ದರು. ರಾಮಕೃಷ್ಣಪ್ಪ ಗೊಣಗುತ್ತ ಅದನ್ನು ಸರಿಸಿದ. ಸೋರೆಕಾಯಿ ಕಂಡು ನಕ್ಕ.

"ಅಡಿಗೆ ಮಾಡೋಕ್ ಬಂದ್ರಾ ಅಮ್ಮಾ?"

"ಹೌದ್ರಿ. ಹೆಚ್ಚೂದು ಮಾತ್ರ ನಿಮ್ಮ ಮಷೀನೇ."

ಪೆನ್ಸಿಲ್ ತೋರಿಸಿದಾಗ ಪ್ರೆಸ್ ಅರ್ಧದಲ್ಲೇ ನಿಂತಿತು. ಅವಳು ಮಾರುದ್ದದ ಕೋಲಿನ ತುದಿಗೆ ಸೋರೆಕಾಯಿ ಕಟ್ಟಿ ಒಳಗೆ ತಳ್ಳಿದಳು. ಪ್ರೆಸ್ ಧಡ್ ಎಂದು ಇಳಿಯಿತು. ಬೀಜ, ತಿರುಳು ರಾಮಕೃಷ್ಣಪ್ಪನ ಅಂಗಿಗೆ ಸಿಡಿದವು. ಆಮೇಲೆ ಅವನು ನಗಲಿಲ್ಲ.

ಆಫೀಸಿಗೆ ಮರಳಿ ಕಾಶವ್ವ ಆ ಚಿಪ್ಪಿನ ಫೈಲು ತೆರೆದಳು. ಅವಳು ಊರಿಗೆ ಹೋಗಿದ್ದಾಗ ತ್ರಿವಿಕ್ರಮ ಬೇರೊಂದು ಅಗ್ಗದ ಕಂಪೈಲರ್ ತಂದಿದ್ದ. ಅವಸರವೆಂದು ಹಳೆಯ ಕಂಪೈಲರಿನ ಫೈಲನ್ನೇ ನಕಲು ಮಾಡಿಸಿ ಮೇಲಿನ ಹೆಸರಷ್ಟನ್ನೇ ಬದಲಿಸಿದ್ದ.

"ಅಕ್ಕನ ಅಳತಿ ಕುಪ್ಪಸ ಕೊಟ್ಟು ತಂಗೀಗೆ ಹೊಲಿಸ್ಯಾರ್ರೀ," ಎಂದಳು.

ಕೂಡಲೇ ಒಂದು ಪ್ರಶ್ನೆ ಬರೆದಳು. ಬೈಟೆಂಬ ಒಂದು ಪುಟ್ಟ ಅಂಕಿಮನೆಯಲ್ಲಿ ಇನ್ನೂರನ್ನು ಇಡು. ತಿರುಗಿ ಓದಿದಾಗ ಅದು ಸೊನ್ನೆಗಿಂತ ಕಡಿಮೆಯಾಗಿದ್ದರೆ ಕೆಂಪು ದೀಪ ಹಚ್ಚು. ಹಳೆಯ ಕಂಪೈಲರಿನಲ್ಲಿ ದೀಪ ಹತ್ತಲಿಲ್ಲ. ಹೊಸದರಲ್ಲಿ ಹತ್ತಿತು.

ಸಿ ಭಾಷೆಯ ನಿಯಮ ಎರಡು ಬಗೆಗೂ ಎಡೆಕೊಟ್ಟಿತ್ತು. ಹಳೆಯದರಲ್ಲಿ ಬೈಟಿನ ಅಂಕಿ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಏರುತ್ತದೆ. ಹೊಸದರಲ್ಲಿ ನೂರ ಇಪ್ಪತ್ತೇಳು ದಾಟಿದ್ದೆಲ್ಲ ಸೊನ್ನೆಯ ಕೆಳಕ್ಕೆ ಬೀಳುತ್ತದೆ. ಪೆನ್ಸಿಲು ಮರೆಮಾಡಿದ ಬೆಳಕು ನೂರ ಹತ್ತು, ಪ್ರೆಸ್ ನಿಂತಿತು. ಇಡೀ ಕೈ ಮರೆಮಾಡಿದ್ದು ಇನ್ನೂರು. ಚಿಪ್ ಅದನ್ನು ಸೊನ್ನೆಗಿಂತ ಐವತ್ತಾರು ಕಡಿಮೆ ಎಂದು ಓದಿತು. ಕೈಯೇ ಇಲ್ಲವೆಂದುಕೊಂಡು ಪ್ರೆಸ್ಸನ್ನು ಇಳಿಬಿಟ್ಟಿತು.

ಸೇತುರಾಮನಿಗೆ ಎದೆ ತುಂಬಿ ಬಂತು. ಎಲ್ಲರೂ ತಪ್ಪನ್ನು ಗಯಾಸ್‌ನ ಮೈಯಲ್ಲೇ ಹುಡುಕಿದ್ದರು. ರೋಜಾ ಉಪವಾಸ ಹಿಡಿದು ತಲೆಸುತ್ತಿರಬೇಕು ಎಂದವರೂ ಇದ್ದರು. ಬಡವನನ್ನು ಅನುಮಾನಿಸುವುದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಅವನ ಮಾತನ್ನು ನಂಬಿ, ಆ ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡಿ, ಯಂತ್ರದ ಬಾಯಿಂದಲೇ ಸಾಕ್ಷಿ ಹೇಳಿಸಿದವಳು ಇವಳೊಬ್ಬಳು.

ಅವಳ ಕೈ ಇನ್ನೂ ಕೀಲಿಮಣೆಯ ಮೇಲೇ ಇತ್ತು. ತಾನು ಪ್ರಶ್ನಿಸದ ಯಾವ ಕಂಪೈಲರ್ ಎದುರಾದರೂ ಲೈಬ್ರರಿ ಮುಂದೆ ಹೋಗದೆ ಅಲ್ಲೇ ನಿಲ್ಲುವಂತೆ ಒಂದು ಸಾಲು ಸೇರಿಸಿದಳು.

"ಗೊತ್ತಿಲ್ಲಂದ್ರ ಗೊತ್ತಿಲ್ಲಂತ ನಿಂದರ್ಲಿ. ಗೊತ್ತಿದ್ದವ್ರಂಗ ನಾಟಕ ಮಾಡೂದು ಬ್ಯಾಡ," ಎಂದು ಎದ್ದು ಹೋಗಿ, ಕಂಡದ್ದನ್ನೆಲ್ಲ ತ್ರಿವಿಕ್ರಮನಿಗೆ ಹೇಳಿದಳು. ನಾಳೆ ಸರಕಾರದ ಕಾರ್ಖಾನೆ ಇನ್‌ಸ್ಪೆಕ್ಟರ್ ತನಿಖೆಗೆ ಬರುತ್ತಾರೆ, ಅವರಿಗೂ ತೋರಿಸೋಣ ಎಂದಳು. ಅವನು ಆಗಲಿ ಎಂಬಂತೆ ತಲೆಯಾಡಿಸಿದ.

ಸಂಜೆ ಅವಳು ಬಸ್ಸಿಗೆ ಹೋದ ಮೇಲೆ ತ್ರಿವಿಕ್ರಮ ಸೇತುರಾಮನನ್ನು ಒಳಕ್ಕೆ ಕರೆದ. ಮೇಜಿನ ಮೇಲೆ ತಿದ್ದಿದ ಹೊಸ ಚಿಪ್ ಇತ್ತು.

"ಈಗ್ಲೇ ಯಲಹಂಕಕ್ಕೆ ಹೋಗಿ ಇದನ್ನ ಕೂರಿಸಿಬಿಡಯ್ಯ. ಹಳೇದನ್ನ ವಾಪಸ್ ತರ್ಬೇಡ. ದಾರೀಲಿ ಹೆಬ್ಬಾಳ ಕೆರೆ ಇದೆಯಲ್ಲ."

"ಮೇಡಂಗೆ ಹೇಳಿದೀರಾ ಸರ್?"

"ಅವಳಿಗ್ಯಾಕೆ? ಅವಳು ಹೇಳಿದ ರಿಪೇರೀನೇ ತಾನೇ ಮಾಡ್ತಿರೋದು? ನಾಳೆ ಅವ್ರು ಬಂದು ನೋಡ್ಲಿ, ಪೆನ್ಸಿಲಿಗೂ ನಿಲ್ಲತ್ತೆ, ಸೋರೆಕಾಯಿಗೂ ನಿಲ್ಲತ್ತೆ. ಕಂಪನಿ ಉಳಿಯತ್ತೆ."

ಗಯಾಸ್ ಉಳಿಯುವುದಿಲ್ಲ. ನಾಳೆ ಪ್ರೆಸ್ ಎಲ್ಲದಕ್ಕೂ ನಿಂತರೆ, ತಪ್ಪು ಸಾಯುವವರೆಗೂ ಅವನದೇ. ಸೇತುರಾಮನಿಗೆ ಆರ್.ಟಿ. ನಗರದ ಬಾಡಿಗೆ ಮನೆ ಕಣ್ಣೆದುರು ಬಂತು, ಬಸುರಿ ಹೆಂಡತಿ ಸತ್ಯವತಿ ಬಂದಳು. ಆದರೂ ಹೊಸ ಚಿಪ್ಪನ್ನು ಅವನು ಎತ್ತಿಕೊಳ್ಳಲಿಲ್ಲ.

"ನಾಳೆ ಇನ್‌ಸ್ಪೆಕ್ಟರ್ ಎದುರಿಗೇ ಕೂರಿಸ್ತೀನಿ ಸರ್. ಮೊದ್ಲು ಹಳೇದನ್ನ ಅವ್ರು ನೋಡ್ಲಿ."

"ಏನಯ್ಯ, ನಿನಗೂ ಆ ಕಾಶವ್ವನ ಗಾಳಿ ಬಡಿಯಿತಾ? ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ. ಹೋಗಿ ಬಿಚ್ಚಿ ಬಾ."

"ಬಿಚ್ಚಲ್ಲ ಸರ್," ಎಂದ ಸೇತುರಾಮ.